ನಮ್ಮ ಚಿಗವ್ವ ತೆಗೆದ ಬೆನ್ನುಗಳು

ನಮ್ಮ ಚಿಗವ್ವನಷ್ಟು ಕೆಟ್ಟದಾಗಿ ಫೋಟೋ ತೆಗೆಯುವ ಇನ್ನೊಬ್ಬ ಮುಖ್ಯೋಪಾಧ್ಯಾಯಿನಿಯನ್ನು ಧಾರವಾಡ ಜಿಲ್ಲೆಯಲ್ಲಿ ತೋರಿಸಿ, ನಾನು ಪತ್ರಿಕೆಯ ಕೆಲಸ ಬಿಟ್ಟು ಕುಂದಗೋಳದಲ್ಲಿ ಮಿರ್ಚಿ ಕರಿಯಲು ಕೂರುತ್ತೇನೆ! ಊರೂರಿಂದ ಬರುವ ಚಿತ್ರಗಳನ್ನು ಆರಿಸುವುದೇ ನನ್ನ ಉದ್ಯೋಗ. ಕಣ್ಣು ಮುಚ್ಚಿದ ಮುಖಂಡರನ್ನೂ ತಲೆ ಕತ್ತರಿಸಿಹೋದ ಸನ್ಮಾನಿತರನ್ನೂ ಸಾಕಷ್ಟು ನೋಡಿದ್ದೇನೆ. ಆದರೆ ಒಂದಿಡೀ ಶಾಲೆಯನ್ನು ಹಿಂದಿನಿಂದ ನೋಡಿದ್ದು ಅವ್ವನ ತಂಗಿಯಾದ ಈ ಚಿಗವ್ವನ ಕೃಪೆಯಿಂದ ಮಾತ್ರ.

ಸಂಶಿಯಿಂದ ಆಚೆ, ಎರೆಹೊಲಗಳ ನಡುವಿನ ಸರ್ಕಾರಿ ಶಾಲೆ ಅವಳದು. ಈಗ ಬಿಸಿಯೂಟಕ್ಕೆ ಬೇಯಿಸಿದ ತತ್ತಿ ಕೊಟ್ಟರೆ ಫೋಟೋ, ಹಾಲು ಕುಡಿಸಿದರೆ ಫೋಟೋ, ಕೈ ತೊಳೆಸಿದರೂ ಫೋಟೋ. ಎಲ್ಲವೂ ಹೊತ್ತಿಗೆ ಸರಿಯಾಗಿ ಇಲಾಖೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಬೀಳಬೇಕು. ಉಳಿದ ಶಾಲೆಗಳಿಂದ ನಗುವ ಮುಖಗಳು ಬರುತ್ತವೆ. ಚಿಗವ್ವನ ಶಾಲೆಯಿಂದ ಬರುವುದು ಎಣ್ಣೆ ಹಚ್ಚಿದ ಜಡೆಗಳು, ಈಚೆಗೆ ಕ್ಷೌರವಾದ ತಲೆಗಳು, ತತ್ತಿ ಹಿಡಿದ ಕೈಗಳು.

ಒಮ್ಮೆ ನಾನು ಅವಳ ಮನೆಯಲ್ಲಿದ್ದಾಗಲೇ ಮೇಲಿನವರೊಬ್ಬರ ಫೋನು ಬಂತು.

“ಅಕ್ಕಾರ, ಮಕ್ಕಳ ಮುಖ ಎಲ್ಲಿ ಅದಾವ್ರಿ?”

“ಮುಂದಿನ ಬಾಜು ಅದಾವ್ರಿ ಸರ.”

“ಅದಲ್ರೀ, ಹುಡುಗ್ರು ತತ್ತಿ ತಿಂದಾರಂತ ನಮಗ ಹೆಂಗ ಗೊತ್ತಾಗಬೇಕು?”

“ಸಿಪ್ಪಿ ಫೋಟೋ ಕಳಸ್ಲೇನ್ರಿ?”

ಕಳಿಸಿಯೇ ಬಿಟ್ಟಳು. ಬುಟ್ಟಿ ತುಂಬ ಸಿಪ್ಪೆ, ಅಗದಿ ಸ್ಪಷ್ಟ! ಅವರು ಅದಕ್ಕೊಂದು ಹೆಬ್ಬೆರಳು ಒತ್ತಿ ಸುಮ್ಮನಾದರು.

ಮೊದಲಿನಿಂದಲೂ ಹೀಗಿರಲಿಲ್ಲ. ಒಂದು ಕಾಲಕ್ಕೆ ಆ ಗ್ರೂಪಿನಲ್ಲಿ ಎಲ್ಲರಿಗಿಂತ ಹೆಚ್ಚು ಶಭಾಷ್‌ಗಿರಿ ಪಡೆದವಳು ಅವಳೇ. ಕೆಟ್ಟದ್ದು ಒಂದು ಬೂಟಿನ ಫೋಟೋದಿಂದ. ಹುಬ್ಬಳ್ಳಿಯ ವ್ಯಾಪಾರಿಯೊಬ್ಬರು ಮಕ್ಕಳಿಗೆ ಬೂಟು ಹಂಚಲು ಬಂದಿದ್ದರು. ಚಿತ್ರ ಚೆನ್ನಾಗಿ ಬರಲೆಂದು ಚಿಗವ್ವ, ಬರಿಗಾಲಲ್ಲಿದ್ದ ಐದನೇ ತರಗತಿಯ ಹುಡುಗಿಯನ್ನು ಮುಂದೆ ನಿಲ್ಲಿಸಿ, “ನಗು ಬೇ” ಎಂದಳು. ಹುಡುಗಿ ನಕ್ಕಳು. ಆ ನಗು ಗ್ರೂಪಿನಿಂದ ಗ್ರೂಪಿಗೆ ಹಾರಿ, ಫೇಸ್‌ಬುಕ್ ಏರಿ, ಅಳ್ನಾವರದಲ್ಲಿದ್ದ ಅವಳ ಸೋದರತ್ತೆಯ ಫೋನಿಗೂ ಹೋಯಿತು. “ಮಗಳ ಕಾಲಿಗೆ ಬೂಟು ತರೂ ಗತೀನೂ ಇಲ್ಲೇನೋ ನಿನಗ?” ಎಂದು ಆಕೆ ತಮ್ಮನಿಗೆ ಫೋನು ಮಾಡಿ ಕೇಳಿದಳಂತೆ. ಮರುದಿನದಿಂದ ಹುಡುಗಿ ಶಾಲೆಗೆ ಬರಲಿಲ್ಲ.

ಚಿಗವ್ವ ಮನೆಗೆ ಹೋದಳು. ಹುಡುಗಿಯ ಅಪ್ಪ ಸಂಶಿಯಲ್ಲಿ ಹೊಲಿಗೆ ಅಂಗಡಿ ಇಟ್ಟವನು. ಸುತ್ತಲಿನ ಮಕ್ಕಳ ಯೂನಿಫಾರ್ಮ್ ಹೊಲಿಯುವವನು. ಬೂಟನ್ನು ಡಬ್ಬಿಯ ಸಮೇತ ತಂದು ಮುಂದಿಟ್ಟ.

“ಬೂಟು ನಾನಽ ಕೊಡಸ್ತಿದ್ನಿರಿ ಅಕ್ಕಾರ. ಸ್ವಲ್ಪ ತಡಾ ಆಗ್ತಿತ್ತು, ಅಷ್ಟಽ.”

ಅವನ ಈ ಮಾತನ್ನು ನನಗೆ ಹೇಳುವಾಗ ಮಾತ್ರ ಚಿಗವ್ವ ಚೇಷ್ಟೆ ಮಾಡುವುದಿಲ್ಲ.

ಹುಡುಗಿ ಬಾಗಿಲ ಹಿಂದಿನಿಂದ ಕರಾರು ಹಾಕಿದಳು: “ನನ್ನ ಫೋಟೋ ತಗಿಯೂದಿಲ್ಲಂದ್ರ ಬರ್ತೀನ್ರಿ.” ಚಿಗವ್ವ ಒಪ್ಪಿದಳು. ಹುಡುಗಿ ಬಂದಳು. ಆದರೆ ತತ್ತಿಯ ಫೋಟೋದ ಹೊತ್ತಿಗೆ ಅವಳೊಬ್ಬಳೇ ಎದ್ದು ಮೂಲೆಗೆ ಹೋಗಿ ನಿಂತಾಗ ಎಲ್ಲರೂ ಅವಳನ್ನೇ ನೋಡಿದರು. ಫೋಟೋದಿಂದ ಬಿಟ್ಟರೂ ಬೇರೆಯಾಗಿಯೇ ಕಂಡುಬಿಟ್ಟಳು! ಚಿಗವ್ವ ಅಲ್ಲೇ ಹುಕುಂ ಹೊರಡಿಸಿದಳು: “ಎಲ್ಲಾರೂ ಹೊಳ್ಳಿ ನಿಂದರ್ರಿ!” ಅಂದಿನಿಂದ ಕ್ಯಾಮೆರಾ ಕಂಡರೆ ಇಡೀ ಶಾಲೆ ಬೆನ್ನು ತೋರಿಸಿ ಹೊಳ್ಳಿ ನಿಲ್ಲುತ್ತದೆ.

ಹೊಸದಾಗಿ ಬಂದ ಮಾಸ್ತರರಿಗೆ ಇದು ಗೊತ್ತಿರಲಿಲ್ಲ. ಮಕ್ಕಳ ಕುಣಿತದ ರೀಲ್ಸ್ ಹಾಕಿ ಸಿಕ್ಕಿಬಿದ್ದರು.

“ಸಾವಿರಾರು ಮಂದಿ ನೋಡ್ಯಾರ್ರಿ ಮೇಡಂ!”

“ಯಾರ್ ಅವರು?”

“ಗೊತ್ತಿಲ್ರಿ.”

“ಗೊತ್ತಿಲ್ಲದಾಂವ ಒಬ್ಬ ಸಾಲಿ ಗೇಟಿನ್ಯಾಗ ನಿಂತು ನಮ್ಮ ಹುಡುಗೀರು ಕುಣಿಯೂದು ನೋಡಿದ್ರ ಏನ್ ಮಾಡ್ತಿದ್ರಿ?”

“ಓಡಸ್ತಿದ್ನಿರಿ.”

“ಹಂಗಾರ ಆ ಸಾವಿರ ಮಂದೀನ ಓಡಸ್ರಿ. ನಾ ಇಲ್ಲೇ ನಿಂತಿರ್ತೀನಿ.”

ರೀಲ್ಸ್ ಅಳಿಸಿಹೋಯಿತು.

ನಾನೂ ವಾದ ಹೂಡಿದ್ದುಂಟು. “ಚಿಗವ್ವಾ, ಸರ್ಕಾರಿ ಸಾಲಿ ಅಂದ್ರ ಮಂದಿ ಮೂಗು ಮುರೀತಾರ. ಚಲೋ ಕೆಲಸ ಕಂಡ್ರಽ ಅಲ್ಲಾ ಮಕ್ಕಳನ್ನ ಕಳಸೂದು?”

“ಕಾಣ್ಲಿ, ಯಾರ್ ಬ್ಯಾಡ ಅಂದ್ರು? ಗಿಡಾ ತಗಿ, ಗ್ವಾಡಿ ತಗಿ, ಬೋರ್ಡಿನ ಮ್ಯಾಲಿನ ಲೆಕ್ಕಾ ತಗಿ. ಕೂಸಿನ ಮುಖ ಸಾಲೀದಲ್ಲಲೇ, ಕೂಸಿಂದು.”

 

ಹುಬ್ಬಳ್ಳಿಯ ಅದೇ ವ್ಯಾಪಾರಿ ಮರುವರ್ಷ ಪಾಟಿಚೀಲ ತಂದರು. ಮಕ್ಕಳು ಚೀಲ ಏರಿಸಿಕೊಂಡು ಹೊಳ್ಳಿ ನಿಂತದ್ದು ಕಂಡು ಅವರ ಮುಖ ಸಣ್ಣದಾಯಿತು. “ಮಕ್ಕಳ ನಗು ಬ್ಯಾಡೇನ್ರಿ ಅಕ್ಕಾರ?”

“ನಿಮ್ಮ ಅಂಗಡಿ ಹೆಸರು ಚೀಲದ ಮ್ಯಾಲೆ ಐತಿ, ಚೀಲ ಬೆನ್ನ ಮ್ಯಾಲೆ ಐತಿ. ಮುಖ ತಗದ್ರ ಹೆಸರಽ ಬರಾಂಗಿಲ್ಲಲ್ರಿ!”

ಆ ಚಿತ್ರ ಈಗಲೂ ಅವರ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಇದೆ.

ಈ ವರ್ಷ ಏಳನೆಯವರ ಬೀಳ್ಕೊಡುಗೆಗೆ ನಾನೂ ಹೋಗಿದ್ದೆ. ಚುರುಮರಿ, ಭಾಷಣ, ಒಂದಿಷ್ಟು ಅಳು ಎಲ್ಲ ಮುಗಿದು ಚಿಗವ್ವ ಫೋನು ತೆಗೆದಳು. ಮಕ್ಕಳು ರೂಢಿಯಂತೆ ಹೊಳ್ಳಿ ನಿಂತರು. ಆ ಹುಡುಗಿಯೂ ನಿಂತಳು. ಆಮೇಲೆ ಅವಳೊಬ್ಬಳೇ ಇತ್ತ ತಿರುಗಿದಳು. ಕಾಲಲ್ಲಿ ಪಾಲಿಶ್ ಹೊಡೆದ ಕರಿ ಬೂಟು.

“ಅಕ್ಕಾರ, ನಂದು ತಗೀರಿ.”

“ನಿನ್ನ ಮುಖ ಬರ್ತೈತಿ ಮತ್ತ?”

“ಬರ್ಲ್ರಿ. ಕಾಲೂ ಬರ್ಲಿ. ನಮ್ಮಪ್ಪ ಕೊಡಿಸಿದ ಬೂಟ್ರಿ.”

ಚಿಗವ್ವ ನಗು ಎನ್ನಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಆ ಚಿತ್ರವನ್ನು ನೋಡಿದ್ದೇನೆ. ಮಸುಕಾಗಿದೆ. ನನ್ನ ಮೇಜಿಗೆ ಬಂದಿದ್ದರೆ ಬದಿಗಿಡುತ್ತಿದ್ದೆ. ಆದರೆ ಅದು ನನ್ನ ಮೇಜಿಗೂ ಬರಲಿಲ್ಲ, ಯಾವ ಗ್ರೂಪಿಗೂ ಹೋಗಲಿಲ್ಲ. ಸಂಶಿಯಲ್ಲಿ ಅವಳ ಅಪ್ಪನ ಅಂಗಡಿಯಲ್ಲಿ, ಹೊಲಿಗೆ ಮಶೀನಿನ ಮೇಲೆ ಗೋಡೆಗೆ ತೂಗುತ್ತಿದೆ. ನೋಡಬೇಕೆಂದವರು ಅಲ್ಲಿಗೇ ಹೋಗಬೇಕು, ಅಪ್ಪನನ್ನು ಕೇಳಿ ನೋಡಬೇಕು.