ಎಲೆ ಒಗೆದ ಲಾಂಡ್ರಿಯವ

ಲಾಂಡ್ರಿಯವನಿಗೆ ಕೊಳೆ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಅವತ್ತಿನ ರಾಮಾಯಣಕ್ಕೆಲ್ಲ ಅದೇ ಮೂಲ.

ಆ ಬೀದಿಯಲ್ಲಿ ಅಂಗಡಿಗೊಂದರಂತೆ ಟೊಮೆಟೊ ಕುಂಡಗಳಿದ್ದವು. ಎಲೆಚುಕ್ಕೆ ರೋಗ ತಗುಲಿ ಎಲ್ಲವೂ ಸೊರಗಿದರೂ ಲಾಂಡ್ರಿ ಮುಂದಿನ ಗಿಡ ಮಾತ್ರ ಹಸಿರಾಗಿಯೇ ನಿಂತಿತ್ತು. ಅದನ್ನು ನೋಡಲು ಸಸ್ಯರೋಗ ಪ್ರಯೋಗಾಲಯದ ಮೇಡಂ ಸಂಜೆ ನಾಲ್ಕಕ್ಕೆ ಬರುವವರಿದ್ದರು. ಮಾದರಿ ಕೊಟ್ಟವರ ಹೆಸರನ್ನು ಸೀಸೆಯ ಮೇಲೆ ಬರೆದು ಅಲ್ಲಿನ ಗಾಜಿನ ಬೀರುವಿನಲ್ಲಿ ಇಡುತ್ತಾರಂತೆ. ಮಹಡಿ ಮೇಲಿದ್ದ ಮಾವ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಅಳಿಯನನ್ನು ಭೇಷ್ ಅಂದವರಲ್ಲ. ಇವತ್ತು ಅನ್ನಿಸಿಯೇ ತೀರುತ್ತೇನೆ ಎಂದು ಲಾಂಡ್ರಿಯವ ಪಣ ತೊಟ್ಟ.

ಬೆಳಿಗ್ಗೆ ಎದ್ದು ನೋಡಿದರೆ ಎಲೆಗಳ ಮೇಲೆ ಧೂಳು! ದೊಡ್ಡವರು ಬರುವಾಗ ಗಿಡ ಹೀಗಿದ್ದರೆ ಅಂಗಡಿಯ ಮಾನ ಉಳಿದೀತೇ? ಬಕೆಟ್‌ನಲ್ಲಿ ತಣ್ಣೀರು ತಂದು, ಬಟ್ಟೆ ಅದ್ದಿ ಹಿಂಡುತ್ತ ಒಂದೊಂದೇ ಎಲೆ ಒರೆಸಿದ.

ಮಾವ ಇಳಿದು ಬಂದರು. "ಏನ್ರೀ ಅಳಿಯಂದ್ರೇ, ಗಿಡಕ್ಕೆ ಎಣ್ಣೆ ಹಚ್ಚಿ ತಲೆ ಬಾಚಲ್ವಾ? ಆ ನೀರು ಚೆಲ್ಲಬೇಡಿ, ನನ್ನ ಮೆಟ್ಟಿಲಿಗಾದ್ರೂ ಆಗತ್ತೆ" ಎನ್ನುತ್ತ ಬಕೆಟ್ ಎತ್ತಿಕೊಂಡು ಹೋದರು.

ಪಕ್ಕದಂಗಡಿಯ ಕ್ಷೌರಿಕ ಇಣುಕಿದ. "ಬರೀ ನೀರಲ್ಲಿ ಏನಾಗತ್ತಣ್ಣ? ಸೋಪು ಹಾಕು. ಆಮೇಲೆ ನನ್ನ ಸ್ಪಿರಿಟ್ ತಗೋ. ಒಂದೇ ಒಂದು ಕ್ರಿಮಿ ಉಳಿದ್ರೆ ನನ್ನ ಮೀಸೆ ಬೋಳಿಸ್ಕೋತೀನಿ!"

ಸೋಪೂ ಆಯಿತು, ಸ್ಪಿರಿಟ್ಟೂ ಆಯಿತು. ಗಿಡ ಮದುಮಗನ ಬೂಟಿನಂತೆ ಮಿರಮಿರ ಮಿಂಚಿತು. ಲಾಂಡ್ರಿಯವ ಇಸ್ತ್ರಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತ.

ಮೇಡಂ ಬಂದವರೇ ಎಲೆ ಮೂಸಿ ಹಣೆ ಚಚ್ಚಿಕೊಂಡರು. "ಅಯ್ಯೋ, ಏನ್ರೀ ಮಾಡಿದ್ರಿ? ನಾನು ಬಂದಿದ್ದೇ ಎಲೆ ಮೇಲಿರೋ ಒಳ್ಳೇ ಬ್ಯಾಕ್ಟೀರಿಯಾಗೆ! ಬಸ್ಸಲ್ಲಿ ಮೊದಲು ಹತ್ತಿದವರು ಸೀಟು ಹಿಡಿದು ಕೂತ ಹಾಗೆ ಅವು ಎಲೆ ತುಂಬಾ ಕೂತಿರ್ತವೆ. ಎಲೆಯಲ್ಲಿ ಒಸರೋ ಸಿಹಿನೂ ಅವೇ ತಿಂದು ಮುಗಿಸ್ತವೆ. ರೋಗದ ಕ್ರಿಮಿ ಬಂದ್ರೆ ಕೂರೋಕೆ ಜಾಗ ಇಲ್ಲ, ತಿನ್ನೋಕೆ ಊಟ ಇಲ್ಲ. ಎಲೆ ಅಡಿಭಾಗನಾದ್ರೂ ಬಿಟ್ಟಿದೀರಾ?"

"ಕಸುಬು ಅಂದ್ರೆ ಕಸುಬು ಮೇಡಂ" ಎಂದ ಲಾಂಡ್ರಿಯವ, ದನಿ ಇಳಿಸಿ. "ಮೊದಲು ತಣ್ಣೀರು, ಆಮೇಲೆ ಸೋಪು, ಸ್ಪಿರಿಟ್. ಒಳಮೈ ಹೊರಮೈ ಎರಡೂ ಒರೆಸಿದೀನಿ."

ಕ್ಷೌರಿಕ ಮೀಸೆ ಮುಟ್ಟಿಕೊಂಡು ಮೆಲ್ಲಗೆ ಒಳಗೆ ಸರಿದ.

"ಸೋಪು ಹಾಕೋ ಮೊದಲು ಒರೆಸಿದ ನೀರಾದ್ರೂ ಇದೆಯಾ? ಆ ಬ್ಯಾಕ್ಟೀರಿಯಾ ಎಲ್ಲ ಅದರಲ್ಲೇ ಇರ್ತವೆ" ಎಂದರು ಮೇಡಂ.

ಲಾಂಡ್ರಿಯವ ಮಹಡಿಯತ್ತ ಮುಖ ಮಾಡಿ ಕೂಗಿದ. "ಮಾವಾ! ಮೆಟ್ಟಿಲು ತೊಳೆದ್ರಾ?"

"ಸೊಂಟ ನೋವು ಕಣ್ರೀ, ನಾಳೆ ತೊಳೆಯೋಣ ಅಂತಿದ್ದೆ" ಎನ್ನುತ್ತ ಮಾವ ಬಕೆಟ್ ಹಿಡಿದು ಇಳಿದರು. ಮೇಡಂ ಸಂತೋಷದಿಂದ ಸೀಸೆ ತುಂಬಿಸಿ, ಚೀಟಿ ಅಂಟಿಸಿ, ಪೆನ್ನು ತೆಗೆದರು. ಸದ್ಯ ಬದುಕಿದೆ ಅಂದುಕೊಂಡ ಲಾಂಡ್ರಿಯವ ಗಂಟಲು ಸರಿಮಾಡಿಕೊಂಡ.

"ತಮ್ಮ ಹೆಸರು?" ಎಂದು ಮೇಡಂ ಕೇಳಿದ್ದು ಮಾವನನ್ನು.

"ಗಿಡ ನಂದು ಮೇಡಂ!"

"ಗಿಡದಲ್ಲಿ ಈಗ ಏನಿದೆ? ನೀವು ತೊಳೆದು ಹಾಕಿದ್ರಿ, ಇವರು ಉಳಿಸಿ ಕೊಟ್ರು. ಕೊಟ್ಟವರ ಹೆಸರೇ ಬರೆಯೋದು."

ಮಾವ ತಮ್ಮ ಹೆಸರಿನ ಜೊತೆಗೆ ಅಪ್ಪನದನ್ನೂ ತಾತನದನ್ನೂ ಸೇರಿಸಿ ಬರೆಸಿದರು. ಆಮೇಲೆ ಅಳಿಯನ ಬೆನ್ನು ತಟ್ಟಿದರು.

"ಭೇಷ್ ಅಳಿಯಂದ್ರೇ! ಇಪ್ಪತ್ತು ವರ್ಷಕ್ಕೆ ಒಂದು ಸಲನಾದ್ರೂ ಚೆನ್ನಾಗಿ ಒಗೆದ್ರಿ."