ದೊಡ್ಡಮ್ಮನ ಉಂಡೆ, ನನ್ನ ನಾಲಿಗೆ

ನಮ್ಮ ದೊಡ್ಡಮ್ಮನ ಉಂಡೆ ತಿಂದು ಬೆಳೆದವರಿಗೆ ಮುಂದೆ ಯಾವ ಕಾಯಿಲೆಯೂ ಬರುವುದಿಲ್ಲ. ಬರಬೇಕಾದದ್ದೆಲ್ಲ ಆಗಲೇ ಬಂದು ಹೋಗಿರುತ್ತದೆ!

ದೊಡ್ಡಮ್ಮನ ಉಂಡೆ ಎನ್ನುವುದೂ ಪೂರ್ತಿ ನಿಜವಲ್ಲ. ಉಂಡೆ ಮಾಡುತ್ತಿದ್ದವರು ನಾವು, ಬರಗೂರಿನ ನಮ್ಮ ಮನೆಯ ಆರು ಮಕ್ಕಳು. ಅವಳು ಮಾಡಿಸುತ್ತಿದ್ದಳು, ಅಷ್ಟೆ. ಎಪ್ಪತ್ತರ ದಶಕದ ಬೇಸಿಗೆ ರಜೆ ಎಂದರೆ ಊರಿನ ಉಳಿದ ಮಕ್ಕಳಿಗೆ ಗೋಲಿ, ಚಿನ್ನಿದಾಂಡು. ನಮಗೆ ಒರಳು, ಒನಕೆ, ದೊಡ್ಡಮ್ಮ. ಈ ಪಾಡನ್ನು ಯಾರ ಹತ್ತಿರ ಹೇಳಿಕೊಳ್ಳೋಣ? ನಮ್ಮಪ್ಪನೇ ಅತ್ತಿಗೆಗೆ ಹೆದರಿ ಕುರಿ ಹೊಡೆದುಕೊಂಡು ಹೊತ್ತಿಗೆ ಮುಂಚೆ ಹೊರಟುಬಿಡುತ್ತಿದ್ದ.

"ಬರ್ರಲೇ, ಕೈ ತೋರ್ಸಿ!" ಎಂದು ಬೆಳಿಗ್ಗೆಯೇ ಕೂಗು ಬೀಳುತ್ತಿತ್ತು. ಉಗುರಲ್ಲಿ ಮಣ್ಣು ಕಂಡರೆ ಒಲೆಯ ಬೂದಿ ಹಾಕಿ ಚರ್ಮ ಏಳುವಂತೆ ಉಜ್ಜಿಸುತ್ತಿದ್ದಳು. ಆಮೇಲೆ ಒಬ್ಬರು ರಾಗಿ ಅರಳು ಹುರಿಯಬೇಕು, ಒಬ್ಬರು ಹುರುಳಿ ಬೀಸಬೇಕು, ಒಬ್ಬರು ನುಗ್ಗೆಸೊಪ್ಪು ಪುಡಿ ಮಾಡಬೇಕು, ಒಬ್ಬರು ಕಡ್ಲೆಬೀಜದ ಸಿಪ್ಪೆ ಊದಬೇಕು. ಬೆಲ್ಲ ಜಜ್ಜುವವರು ಮಾತ್ರ ನಿಲ್ಲಿಸದೆ ಮಗ್ಗಿ ಹೇಳುತ್ತಿರಬೇಕು. ಬಾಯಿ ಖಾಲಿ ಇದೆ ಎನ್ನುವುದಕ್ಕೆ ಅದೇ ಸಾಕ್ಷಿ! 'ಏಳೈದ್ಲ ಮೂವತ್ತೈದು' ಆದ ಮೇಲೆ ಒಂದು ಕ್ಷಣ ಸದ್ದು ನಿಂತಿತೋ, ಬೆನ್ನ ಮೇಲೆ ಗುದ್ದು ಬಿದ್ದಿತೆಂದೇ ಲೆಕ್ಕ.

"ತಿನ್ನೋ ಕೈಯೇ ಮಾಡ್ಬೇಕು ಕಣ್ರಲೇ. ಅವಾಗ್ಲೇ ಅದು ಮೈಗೆ ಹತ್ತೋದು" ಎನ್ನುವುದು ಅವಳ ವೇದಾಂತ. ಸಿರಾ ಬಸ್ ಸ್ಟ್ಯಾಂಡಿನ ಬೇಕರಿ ಬನ್ನಿನ ಹೆಸರೆತ್ತಿದರೆ ವಿಷದ ಹೆಸರೆತ್ತಿದಂತೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಒಂದು ಧಾರಾಳ ಮಾತ್ರ ಇತ್ತು. ಉಂಡೆಯನ್ನು ಉಂಡೆಯಾಗಿಯೇ ಕಟ್ಟಬೇಕೆಂದಿರಲಿಲ್ಲ. ಕುರಿ ಮಾಡಬಹುದು, ಚಕ್ರಕ್ಕೆ ಹುರಿಗಡಲೆ ಒತ್ತಿ ಸಿರಾ ಬಸ್ಸು ಮಾಡಬಹುದು. ಎಂಥೆಂಥ ಬಸ್ಸು ಮಾಡಿದೆವು ಅಂತೀರಿ! ಆ ಉತ್ಸಾಹವೆಲ್ಲ ಬಸ್ಸನ್ನು ಬಾಯಿಗಿಡುವವರೆಗೆ ಮಾತ್ರ.

ಒಮ್ಮೆ ನನ್ನ ತಮ್ಮ ಗೋಳಾಡಿದ, "ದೊಡ್ಡಮ್ಮಾ, ಕಚ್ಚಕ್ಕೇ ಆಗ್ತಿಲ್ಲ!"

"ಕಚ್ಚು, ಹಲ್ಲು ಗಟ್ಟಿ ಆಗ್ತವೆ."

ಕಚ್ಚಿದ. ಹಲ್ಲೇ ಉಂಡೆಯಲ್ಲಿ ಉಳಿಯಿತು. ದೊಡ್ಡಮ್ಮ ಅದನ್ನು ಕಿತ್ತು ಅಂಗೈಯಲ್ಲಿಟ್ಟು ನೋಡಿ, "ಹುಳುಕಲ್ಲು ಕಣ್ಲಾ. ಡಾಕುಟ್ರು ತಾವ್ ಹೋಗೋದು ತಪ್ತು ಬುಡು" ಎಂದಳು.

ಇಷ್ಟೆಲ್ಲ ಮಾಡಿಸುವವಳು ತಾನು ಮಾತ್ರ ರುಚಿ ನೋಡುತ್ತಿರಲಿಲ್ಲ. ಎಷ್ಟು ಜಾಣೆ ನೋಡಿ! ಆ ದಂಡನೆಗೆ ನನ್ನನ್ನು ಆರಿಸಿಕೊಂಡಿದ್ದಳು. ಮೊದಲ ಉಂಡೆ ನನ್ನ ಕೈಗಿಟ್ಟು, ನನ್ನ ಮುಖವನ್ನೇ ನೋಡುತ್ತಾ, "ಹೆಂಗೈತೆ ಹೇಳೇ?" ಎನ್ನುತ್ತಿದ್ದಳು. ನಿಜ ಹೇಳಿದರೆ ಇನ್ನಷ್ಟು ಬೆಲ್ಲ ಜಜ್ಜಬೇಕು, ಇನ್ನಷ್ಟು ಹುರಿಯಬೇಕು, ಮತ್ತೆ ಮಗ್ಗಿ. ಯಾರಿಗೆ ಬೇಕು? "ಬಲೇ ಚೆನ್ನಾಗೈತೆ ದೊಡ್ಡಮ್ಮ!" ಎಂದು ಒಂದು ಚೂರು ಕಚ್ಚಿದಂತೆ ಮಾಡಿ, ಉಳಿದದ್ದನ್ನು ಹಿತ್ತಿಲಿಗೆ ಒಯ್ದು ಆಡಿಗೆ ಹಾಕುತ್ತಿದ್ದೆ. ಅದು ಕಣ್ಮುಚ್ಚಿ ಮೇಯುತ್ತಿತ್ತು. ನನ್ನ ಪಾಲಿನ ಆರೋಗ್ಯವೆಲ್ಲ ಆ ಆಡಿಗೇ ಹೋಯಿತು.

ಇಷ್ಟರಲ್ಲಿ ಊರಿಗೆ ಬಾಲವಾಡಿ ಬರುತ್ತದೆ ಎಂಬ ಸುದ್ದಿ ಹಬ್ಬಿತು. ಚಿಕ್ಕ ಮಕ್ಕಳಿಗೆ ತಿಂಡಿ ಮಾಡಿಕೊಡಲು ಊರಿನವಳೇ ಒಬ್ಬಳು ಬೇಕಂತೆ, ಸಿರಾದಿಂದ ಮೇಡಂ ಬಂದು ತಿಂಡಿಯ ರುಚಿ ನೋಡಿ ಆರಿಸುತ್ತಾರಂತೆ. ಅವತ್ತಿನಿಂದ ದೊಡ್ಡಮ್ಮ ನೆಲದ ಮೇಲೆ ನಿಲ್ಲಲಿಲ್ಲ. ಮದುವೆಯಾಗಿ ಬಂದಾಗಿನಿಂದ ಕುರಿ, ಕಸ, ಒಲೆ ಬಿಟ್ಟು ಬೇರೆ ಕಂಡವಳಲ್ಲ. "ಊರ್ ಮಕ್ಳೆಲ್ಲ ನನ್ ಕೈಯಾಗೆ ಬೆಳೀತವೆ ಕಣೇ" ಎಂದು ನನಗೊಬ್ಬಳಿಗೇ ಗುಟ್ಟಾಗಿ ಹೇಳಿದಳು. ನಮ್ಮಮ್ಮನ ಸೀರೆ ಎರವಲು ತಂದು, ಮಡಿಚಿ, ಹಾಸಿಗೆಯಡಿ ಇಸ್ತ್ರಿಗಿಟ್ಟಳು.

ಮೇಡಂ ಬರುವ ದಿನ ನಮ್ಮ ಆರೂ ಜನಕ್ಕೆ ಕೈಬಿಡುವಿಲ್ಲ. ಅಟ್ಟದಿಂದ ಪಾವಗಡದ ಕಡ್ಲೆಬೀಜದ ಚೀಲ ಇಳಿಯಿತು. ಅವಳ ತವರಿನವರು ಹಿಂದಿನ ವರ್ಷ ತಂದಿಟ್ಟದ್ದು. ಅರವತ್ತು ಉಂಡೆ ಎದ್ದವು. ಮೇಡಂಗೆಂದೇ ಬೇರೆಯಾಗಿ ಒಂದು ದೊಡ್ಡ ಬಸ್ಸು! ಯಥಾಪ್ರಕಾರ ಮೊದಲ ಉಂಡೆ ನನಗೆ.

"ಹೆಂಗೈತೆ?"

"ಬಲೇ ಚೆನ್ನಾಗೈತೆ" ಎಂದೆ, ಬಾಯಿಗೂ ಇಡದೆ. ಹಿತ್ತಿಲಿಗೆ ಹೋಗಿ ಆಡಿನ ಮುಂದೆ ಹಿಡಿದೆ. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ನಮ್ಮ ಆಡು ಮೂಸಿ ನೋಡಿ, ಮುಖ ತಿರುಗಿಸಿ, ದೂರ ಹೋಗಿ ನಿಂತಿತು. ಆಗಲಾದರೂ ಓಡಿ ಹೋಗಿ ಹೇಳಬೇಡವೇ? ನಾನು ಉಂಡೆಯನ್ನು ತಿಪ್ಪೆಯಲ್ಲಿ ಹೂತು, ಕೈ ಒರೆಸಿಕೊಂಡು ಬಂದೆ.

ಮೇಡಂ ಬಂದರು. ಬಸ್ಸು ನೋಡಿ ನಕ್ಕರು. ಮುಂದಿನ ಚಕ್ರದ ಕಡೆಯಿಂದ ಮುರಿದು ಬಾಯಿಗೆ ಹಾಕಿಕೊಂಡರು. ನಗು ಅಲ್ಲಿಗೇ ನಿಂತಿತು. ಬಾಗಿಲ ಕಡೆ ಹೋಗಿ ಉಗಿದು, ನೀರು ಕೇಳಿದರು.

"ಏನಮ್ಮ ಇದು? ಕಡ್ಲೆಬೀಜ ಕಮಟು ಹಿಡಿದಿದೆ. ಇದನ್ನ ಮಕ್ಕಳಿಗೆ ಕೊಡ್ತೀರಾ? ನೀವು ರುಚಿ ನೋಡ್ಲಿಲ್ವಾ?"

ದೊಡ್ಡಮ್ಮ ನಿಂತಲ್ಲೇ ಕುಗ್ಗಿದಳು. ಸೆರಗಿನ ತುದಿ ಹಿಡಿದುಕೊಂಡು, "ನಂಗೆ ಗೊತ್ತಾಗಲ್ಲ ತಾಯಿ" ಎಂದಳು. "ಮೂರೊರ್ಸದ ಹಿಂದೆ ದೊಡ್ಡ ಜ್ವರ ಬಂದಿತ್ತು. ಅವತ್ತಿಂದ ವಾಸ್ನೇನೂ ಇಲ್ಲ, ರುಚೀನೂ ಇಲ್ಲ. ಅದುಕ್ಕೇ ಮಕ್ಳ ಕೈಗ್ ಕೊಟ್ಟು ಕೇಳ್ತೀನಿ. ಮಕ್ಳು ಸುಳ್ಳೇಳಲ್ವಲ್ಲ, ಅಂಗಂತ."

ನಮ್ಮಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಮೂರು ವರ್ಷ ಒಂದೇ ಒಲೆಯ ಮುಂದೆ ಕೂತವಳಿಗೂ ಇದು ಗೊತ್ತಿರಲಿಲ್ಲ. ದೊಡ್ಡಮ್ಮ ನನ್ನ ಕಡೆ ತಿರುಗಿ, "ನೀನು ತಿಂದು ನೋಡಿದ್ದೆ ತಾನೇ ಕಣೇ?" ಎಂದು ಕೇಳಿದಳು. ನಾನು "ಊಂ" ಎಂದೆ. ಆಗಲೂ!

ಕೆಲಸ ಮೇಲಿನ ಕೇರಿಯವಳಿಗೆ ಆಯಿತು. ಎರವಲು ಸೀರೆ ಮತ್ತೆ ಮಡಿಕೆಯಾಗಿ ಅಮ್ಮನಿಗೆ ವಾಪಸ್ಸು ಬಂತು.

ಅವತ್ತು ಸಂಜೆ ದೊಡ್ಡಮ್ಮ ಜಗಲಿಯ ಮೇಲೆ ಮಂಕರಿ ಪಕ್ಕಕ್ಕಿಟ್ಟುಕೊಂಡು ಆ ಉಂಡೆಗಳನ್ನು ಒಂದೊಂದಾಗಿ ತಿನ್ನುತ್ತಿದ್ದಳು. ಅನ್ನ ಚೆಲ್ಲಬಾರದು ಎನ್ನುವವಳು. ಹೇಗಿದ್ದರೂ ಅವಳಿಗೆ ಎಲ್ಲವೂ ಒಂದೇ. ನನಗೆ ನೋಡಲಾಗಲಿಲ್ಲ. ಹೋಗಿ ಪಕ್ಕದಲ್ಲಿ ಕೂತು, ಮಂಕರಿಗೆ ಕೈ ಹಾಕಿ, ಒಂದು ಉಂಡೆ ತೆಗೆದು ಕಚ್ಚಿದೆ. ಪೂರ್ತಿ ಅಗಿದು ನುಂಗಿದೆ.

ಅವಳು ಎಂದಿನಂತೆ ನನ್ನ ಮುಖ ನೋಡಿದಳು. "ಹೆಂಗೈತೆ?"

"ಕಮಟು ದೊಡ್ಡಮ್ಮ. ಬಲೇ ಕೆಟ್ಟದಾಗೈತೆ. ನಾನು ಯಾವತ್ತೂ ತಿಂದೇ ಇಲ್ಲ."

ಅವಳು ಕೈಯಲ್ಲಿದ್ದ ಅರ್ಧ ಉಂಡೆಯನ್ನು ಮಂಕರಿಗೆ ಹಾಕಿದಳು. ಆಮೇಲೆ ಮೆಲ್ಲಗೆ, "ಬೆಲ್ಲ? ಬೆಲ್ಲಾನಾದ್ರೂ ಸರ್ಯಾಗೈತಾ?" ಎಂದು ಕೇಳಿದಳು.

ಮತ್ತೊಂದು ಕಚ್ಚಿದೆ. ಮೂಗು ಕಟ್ಟಿ, ಕಣ್ಣೀರು ಬಾಯಿಗಿಳಿಯುತ್ತಿತ್ತು. "ಗೊತ್ತಾಗ್ತಿಲ್ಲ ದೊಡ್ಡಮ್ಮ" ಎಂದೆ.

ಅವಳು ಸೆರಗಿನಿಂದ ನನ್ನ ಮೂಗು ಒರೆಸಿದಳು. "ಅಳೋದ್ ನಿಲ್ಸಿ ತಿನ್ನೇ, ಗೊತ್ತಾಗ್ತದೆ" ಎಂದು ಇನ್ನೊಂದು ಉಂಡೆ ನನ್ನ ಕೈಗಿಟ್ಟಳು.