ದೋಣಿ ಸಮೇತ ಅತ್ತೆಯ ಹರಾಜು

ಮಾರ್ಚ್ ಹನ್ನೊಂದು, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಪುರಸಭೆಯವರು ನನ್ನ ಸೋದರತ್ತೆಯನ್ನು ಹರಾಜಿಗಿಟ್ಟರು. ಸುಳ್ಳಲ್ಲ, ದಿನಚರಿಯಲ್ಲಿ ಬರೆದಿಟ್ಟಿದ್ದೇನೆ!

ಬಂಗುಡೆ ಮೀನು ಮಾರಿ ಗಂಟಲು ಬೆಳೆಸಿಕೊಂಡ ನಮ್ಮತ್ತೆಗೆ ಒಂದು ಹುಚ್ಚು. ಪುರಸಭೆ ತನಗೆ ಬೇಡವಾದ ಸಾಮಾನು ಮಾರಲು ಪ್ರತಿ ವರ್ಷ ‘ನಿರುಪಯುಕ್ತ ವಸ್ತುಗಳ ಪಟ್ಟಿ’ ಅಂಟಿಸುತ್ತದೆ. ಹರಾಜಿನ ಹಿಂದಿನ ದಿನ ಯಾರು ಬೇಕಾದರೂ ಹೋಗಿ ಸಾಮಾನು ನೋಡಬಹುದು. ಯಾರು ಹೋಗುತ್ತಾರೆ? ಗುಜರಿಯವರು, ಮತ್ತೆ ನಮ್ಮತ್ತೆ! ಗುಜರಿಯವರು ತೂಕ ಅಂದಾಜು ಮಾಡುತ್ತಾರೆ. ಅತ್ತೆ ಪರೀಕ್ಷೆ ಮಾಡುತ್ತಾಳೆ. ಹೋದ ವರ್ಷ ‘ನಿರುಪಯುಕ್ತ’ ಏಣಿಯ ತುದಿಗೆ ಹತ್ತಿ ನಿಂತು ಕೂಗಿದ್ದಳು: “ಹ್ವಾಯ್, ಏಣಿ ಗಟ್ಟಿ ಇತ್ತ್! ಹತ್ತುಕೆ ಉದಾಸೀನ ನಿಮ್ಗೆ!” ಏಣಿ ಪಟ್ಟಿಯಿಂದ ಹೊರಬಿತ್ತು. ನಿಂತ ಗಡಿಯಾರಕ್ಕೆ ತನ್ನ ಟಾರ್ಚಿನ ಸೆಲ್ಲು ಹಾಕಿ ನಡೆಸಿದಳು. ಮೂರು ವರ್ಷದ ನನ್ನ ಲೆಕ್ಕ: ಬಿಡಿಸಿದ್ದು ಒಂಬತ್ತು, ಸೋತದ್ದು ಒಂದೇ ಒಂದು ಕುರ್ಚಿ. ಕೂತು ತೋರಿಸುವಾಗಲೇ ಮುರಿಯಿತು. “ಅದ್ ಕುರ್ಚಿ ತಪ್ಪಲ್ಲ, ನನ್ ತೂಕದ್ದ್!” ಎಂದು ಅದಕ್ಕೂ ವಕಾಲತ್ತು!

ಈ ವರ್ಷದ ಪಟ್ಟಿಯ ಕೊನೆಗೆ ‘ಹಳೇ ಮರ, ಒಂದು ರಾಶಿ’ ಎಂದಿತ್ತು. ಹೋಗಿ ನೋಡಿದರೆ, ನೆರೆ ಬಂದಾಗ ಜನರನ್ನು ದಾಟಿಸುತ್ತಿದ್ದ ದೋಣಿ! ಸೌದೆಯ ಲೆಕ್ಕದಲ್ಲಿ ಹೋಗಲಿದೆ. ಹೊಳೆಗಿಳಿಸಿ ತೋರಿಸಲು ಪುರುಸೊತ್ತಿಲ್ಲ. ಮರುದಿನ ಅತ್ತೆ ಎಲ್ಲರಿಗಿಂತ ಮೊದಲೇ ಹೋಗಿ ದೋಣಿಯ ನಡುವೆ ಕೊಡೆ ಬಿಡಿಸಿ ಕೂತಳು.

ಅಧಿಕಾರಿ ಷರತ್ತು ಓದಿದರು: “ಇದ್ದಲ್ಲಿ, ಇದ್ದ ಸ್ಥಿತಿಯಲ್ಲೇ ಮಾರಲಾಗುವುದು.”

ಅತ್ತೆ ಗುಜರಿಯವನತ್ತ ತಿರುಗಿದಳು. “ಕೇಂಡ್ರ್ಯಾ? ಇದ್ದ ಸ್ಥಿತಿ ಅಂದ್ರೆ ನಾನೂ ಸೇರಿ! ತಕಂಡ್ ಹೋಯ್ನಿ. ದಿನಾ ಮೀನ್ ಬೇಕ್, ಮಧ್ಯಾಹ್ನ ನಿದ್ರಿ ಬೇಕ್. ಬೈಗುಳ ಪುಕ್ಕಟೆ!”

ಗುಜರಿಯವ ಕೈ ಮುಗಿದ. “ಬ್ಯಾಡ ಅಮ್ಮ, ಮನಿಯೊಳ್ಗೆ ಒಬ್ರ್ ಇದ್ರ್. ಅಷ್ಟೇ ಸಾಕ್.”

ಅಧಿಕಾರಿ ಮೂರು ಸಲ ಕೂಗಿದರು. ಯಾರೂ ಬೆಲೆ ಹೇಳಲಿಲ್ಲ. ನಾನು ದಿನಚರಿಯಲ್ಲಿ ಮೂರು ಗೀಟು ಹಾಕಿಕೊಂಡೆ.

“ಇಳೀನಿ ಅಮ್ಮ. ಈ ಹಳೀ ಮರದೊಳ್ಗೆ ಎಂತ ಇತ್ತ್?” ಎಂದರು ಅಧಿಕಾರಿ.

ಅತ್ತೆ ಕೊಡೆ ಮಡಚಿದಳು. ಇಷ್ಟು ಸಣ್ಣ ದನಿ ಅವಳಿಗಿದೆಯೆಂದು ನನಗೂ ಗೊತ್ತಿರಲಿಲ್ಲ.

“ನೆರೆ ಬಂದಾಗ ನನ್ ಮನಿ ಬಾಗ್ಲಿಗೆ ಬಂದದ್ ಇದೇ ದೋಣಿ. ಕರು ಬಿಟ್ ಬತ್ತಿಲ್ಲೆ ಅಂದೆ. ದೋಣಿಯವ ಎರ್ಡ್ ಸಲ ಬಂದ್ ಬೈದ್ ಹೋದ. ಮೂರ್ನೇ ಸಲ ಮಾತೇ ಆಡ್ಲಿಲ್ಲ. ಮೊದ್ಲ್ ಕರು ಎತ್ತಿ ಕೂರ್ಸ್ದ, ಮತ್ತೆ ನನ್ನ. ಹೆಸ್ರ್ ಕೇಂಬದ್ರೊಳಗೆ ಇನ್ನೊಂದ್ ಮನಿಗೆ ಹೋಯಿದ. ಅವ್ನ್ ಗುರ್ತ್ ಅಂದ್ರೆ ನಂಗೆ ಇದೊಂದೇ.”

ಅಧಿಕಾರಿ ಪಟ್ಟಿಯ ‘ಹಳೇ ಮರ’ದ ಸಾಲನ್ನು ಗೀಟು ಎಳೆದು ಹೊಡೆದುಹಾಕಿದರು. “ಬಪ್ಪ ವರ್ಷ ಎಂತ ಆತ್ತೋ ಗೊತ್ತಿಲ್ಲೆ.”

“ಬಪ್ಪ ವರ್ಷ ನಾನೂ ಬತ್ತೆ!”

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಆ ದೋಣಿಯವರನ್ನು ಬಲ್ಲವರಿದ್ದರೆ ದಯವಿಟ್ಟು ನನಗೆ ಬರೆಯಿರಿ. ಅವರು ಈಗ ಇಲ್ಲವಾದರೂ ಬರೆಯಿರಿ, ಹೆಸರಷ್ಟೇ ಸಾಕು. ದೋಣಿಯ ಮೇಲೆ ಬರೆಸಲು ಅತ್ತೆ ಬಣ್ಣ ತಂದಿಟ್ಟುಕೊಂಡಿದ್ದಾಳೆ.